ಕೂರಲೊಲ್ಲದ ಆನೆ ಕಾರು

"ಕೂತ್ಕೋ! ಕೂತ್ಕೋ ಅಂದ್ರೆ ಕೂತ್ಕೋಬೇಕು!"

ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು ಬಟನ್ ಒತ್ತುತ್ತಲೇ ಇದ್ದ. ಕಾರು ಉಸ್ಸೆಂದು ಒಮ್ಮೆ ನಿಟ್ಟುಸಿರು ಬಿಟ್ಟಿತು. ಎಡಗಡೆ ಒಂದಿಷ್ಟು ತಗ್ಗಿತು. ಬಲಗಡೆ ಮಾತ್ರ ಹಟ ಹಿಡಿದ ಮಗುವಿನ ಹಾಗೆ ನೆಟ್ಟಗೆ ನಿಂತೇ ಇತ್ತು.

"ಅಪ್ಪಾ, ನೀನು ಬೈದ್ರೆ ಅದಕ್ಕೆ ಕೇಳ್ಸುತ್ತಾ?" ಅಂದಳು ಗುಬ್ಬಿ.

"ನಿಮ್ಮಮ್ಮ ಬೈದ್ರೆ ನನಗೆ ಕೇಳ್ಸಲ್ವಾ?"

"ಕೇಳ್ಸುತ್ತೆ. ಆದ್ರೆ ನೀನು ಕೇಳಲ್ಲ."

ಬಾನೆಟ್ಟಿನ ಮರೆಯಿಂದ ಅಮ್ಮನ ನಗು ಕೇಳಿಸಿತು.

ಗುಬ್ಬಿ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು. ಅವಳು ಐದನೇ ಕ್ಲಾಸು. ಕಾರಿಗೂ ಮನೆಯಲ್ಲಿ ಒಂದು ಹೆಸರಿತ್ತು: ಆನೆ. ಬೂದು ಬಣ್ಣ, ಅಗಲ ಮೈ, ಎತ್ತರದ ಕಾಲು. ಯಾರೋ ಓಡಿಸಿ ಸಾಕಾಗಿ ಮಾರಿದ ಹಳೆಯ ಎಸ್‌ಯುವಿ. ಇಷ್ಟು ದೊಡ್ಡ ಕಾರು ನಮಗೆ ಯಾಕೆ ಎಂದು ಅಪ್ಪ ಕೇಳಿದಾಗ ಅಮ್ಮ ಒಂದೇ ಮಾತು ಹೇಳಿದ್ದಳು. "ಇದು ಕೂರುತ್ತೆ."

ನಿಜ. ಆನೆಯ ನಾಲ್ಕೂ ಕಾಲಿನಲ್ಲಿ ಎಣ್ಣೆ ಇದೆ. ಪಂಪು ಆ ಎಣ್ಣೆಯನ್ನು ಒಳಕ್ಕೆ ತಳ್ಳಿದರೆ ಕಾರು ಮೇಲೇಳುತ್ತದೆ. ಎಣ್ಣೆ ಹಿಂದಕ್ಕೆ ಬಂದರೆ ಮೆಲ್ಲಗೆ ತಗ್ಗಿ ಕೂರುತ್ತದೆ. ಆಗ ಮಂಡಿ ಆಪರೇಷನ್ ಆದ ತಾತ ಯಾರ ಕೈಯೂ ಹಿಡಿಯದೆ ಹತ್ತಿ ಕೂರಬಹುದು.

ಆದರೆ ಈಗ ಆನೆ ಕೂರುತ್ತಿರಲಿಲ್ಲ. ರಸ್ತೆಯ ಸಣ್ಣ ಗುಂಡಿಗೂ ಕುದುರೆಯಂತೆ ಎಗರುತ್ತಿತ್ತು. ಕಳೆದ ತಿಂಗಳು ತಾತನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾದಾಗಲೂ ಹೀಗೇ ಮೊಂಡಾಟ ಮಾಡಿತ್ತು. ಅಪ್ಪ ಬೇಕರಿಯಲ್ಲಿ ಕೆಲಸ ಮಾಡುವವನು. ದಿನಾ ಹಿಟ್ಟಿನ ಮೂಟೆ ಎತ್ತುವವನು. "ಇದೇನ್ ಮಹಾ" ಎಂದವನೇ ತಾತನನ್ನು ಹಾಗೇ ಎತ್ತಿ ಸೀಟಿನ ಮೇಲೆ ಇಟ್ಟುಬಿಟ್ಟ. ಎದುರು ಮನೆಯವರು ನೋಡಿದರು. ಸೈಕಲ್ ಹುಡುಗರು ನೋಡಿದರು. ತಾತ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡಿದ್ದರು. ಅವತ್ತಿನಿಂದ ಅವರು ಗೇಟು ದಾಟಿರಲಿಲ್ಲ.

ನಾಳೆ ದಾಟಬೇಕಿತ್ತು. ಮನೆಯ ಹಿರಿಯರು ಕ್ಲಾಸಿಗೆ ಬಂದು ತಮ್ಮ ಕೆಲಸದ ಬಗ್ಗೆ ಹೇಳಬೇಕು ಎಂದು ಮಿಸ್ ಹೇಳಿದ್ದರು. ಮೊದಲು ಕೈ ಎತ್ತಿದವಳು ಗುಬ್ಬಿಯೇ. "ನಮ್ ತಾತ ಬಸ್ ಡ್ರೈವರ್ ಮಿಸ್! ಬ್ರೇಕ್ ಫೇಲ್ ಆದ ಬಸ್ಸನ್ನ ಮಣ್ಣಿನ ಗುಡ್ಡೆಗೆ ಒರಗ್ಸಿ ನಿಲ್ಸಿದಾರೆ! ಯಾರಿಗೂ ಒಂದು ಗಾಯಾನೂ ಆಗಿಲ್ಲ!" ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳಿತ್ತು.

ತಾತನೂ ಒಪ್ಪಿದ್ದರು. ಆದರೆ ಒಂದು ಷರತ್ತು. "ನಾನೇ ಹತ್ತಬೇಕು, ನಾನೇ ಇಳೀಬೇಕು. ಮೂಟೆ ಥರ ಎತ್ತಿದ್ರೆ ಬರಲ್ಲ."

ಎರಡು ದಿನದ ಹಿಂದೆ ಕೇಳಿದಾಗ ಗ್ಯಾರೇಜಿನವನು ಮುಂದಿನ ವಾರ ತನ್ನಿ ಅಂದಿದ್ದ. ಒಳಗಿನ ಎಣ್ಣೆ ಹಳತಾಗಿದೆ, ಗಾಳಿಯೂ ಸೇರಿಕೊಂಡಿರಬೇಕು, ಎಣ್ಣೆ ಬದಲಾಯಿಸಿ ಗಾಳಿ ಹೊರಗೆ ತೆಗೆದರೆ ಸರಿಹೋಗುತ್ತದೆ ಎಂದೂ ಹೇಳಿದ್ದ.

"ಹಾಗಾದ್ರೆ ನಾವೇ ಮಾಡೋಣ" ಅಂದಳು ಅಮ್ಮ.

"ನಾವು ಅಂದ್ರೆ ಯಾರ್ಯಾರು?" ಅಪ್ಪ ಹೆದರಿಕೊಂಡು ಕೇಳಿದ.

"ನಾನು. ನೀವು ಬಟನ್ ಒತ್ತಿ."

ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಕೆಲಸಕ್ಕೆ ಕೈ ಹಚ್ಚಿದರೆ ಅವಳ ಕೈ ಬೇರೆಯೇ ಆಗುತ್ತಿತ್ತು. ಕಾರಿನ ಪುಸ್ತಕ ಓದಿದಳು. ಫೋನಿನಲ್ಲಿ ಗ್ಯಾರೇಜಿನವನ ತಲೆ ತಿಂದಳು. ಈ ಕಾರಿಗೆಂದೇ ಬರುವ ಎಣ್ಣೆಯ ಕ್ಯಾನುಗಳನ್ನು ತಂದಳು. ಇವತ್ತು ಭಾನುವಾರ ಬೆಳಗ್ಗೆ ಚಕ್ರಗಳಿಗೆ ಇಟ್ಟಿಗೆ ಒತ್ತಿಟ್ಟು, ಕಾರಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿದಳು.

"ಇದು ಯಾವಾಗ ಬೇಕಾದ್ರೂ ಕೂರಬಹುದು. ಯಾರೂ ಕೆಳಗೆ ತಲೆ ಹಾಕಬಾರದು. ಗುಬ್ಬೀ, ಕೇಳ್ಸಿತಾ?"

"ಹೂಂ."

"ರೀ, ನಿಮಗೆ?"

"ನಾನ್ಯಾಕೆ ತಲೆ ಹಾಕ್ಲಿ, ನಂಗೇನ್ ಹುಚ್ಚಾ?"

ಕಿಟಕಿಯಲ್ಲಿ ಕೂತಿದ್ದ ತಾತ ಗೊಣಗಿದರು. "ನನ್ನ ಬಸ್ಸಿಗೆ ಸ್ಪ್ರಿಂಗ್ ಅಂದ್ರೆ ಕಬ್ಬಿಣದ ಪಟ್ಟಿ, ಅಷ್ಟೇ. ಆಯಿಲ್ಲೂ ಇಲ್ಲ, ಗಿಯಿಲ್ಲೂ ಇಲ್ಲ. ಕೂರೋದು ಏಳೋದು ಅಂತ ಯಾವ ನಾಟಕಾನೂ ಇರ್ಲಿಲ್ಲ."

"ನಿಮ್ಮ ಬಸ್ಸಲ್ಲಿ ಕೂತವರ ಸೊಂಟ ಏನಾಯ್ತು ಅಂತ ಕೇಳಿದೀರಾ ಮಾವ?" ಅಮ್ಮ ತಲೆ ಎತ್ತದೆಯೇ ಕೇಳಿದಳು. ತಾತ ಕೆಮ್ಮಿದರು.

ಅಮ್ಮ ದೊಡ್ಡ ಸಿರಿಂಜು ತಂದು ಬಾನೆಟ್ಟಿನೊಳಗಿನ ಪುಟ್ಟ ಟ್ಯಾಂಕಿನಲ್ಲಿದ್ದ ಹಳೆಯ ಎಣ್ಣೆಯನ್ನು ಎಳೆದಳು. ಕಪ್ಪು ಟೀ ಇದ್ದ ಹಾಗಿತ್ತು. ಮೊದಲನೇ ಕ್ಯಾನಿನ ಹೊಸ ಎಣ್ಣೆ ಸುರಿದಳು. ಅದು ತಿಳಿ ಗುಲಾಬಿ. ಆಮೇಲೆ ಎಡಗಡೆ ಚಕ್ರದ ಪಕ್ಕ ಕೂತು, ಒಂದು ಪುಟ್ಟ ರಬ್ಬರ್ ಟೋಪಿ ತೆಗೆದು, ಅಲ್ಲಿದ್ದ ಮೂತಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಬಿಟ್ಟಳು.

"ಅಮ್ಮಾ, ಡ್ರಿಪ್ ಹಾಕಿದ ಹಾಗೇ ಇದೆ!"

"ಹಾಗೇ. ಇಲ್ಲಿ ಒಳಗಿಂದ ಹೊರಗೆ ಬರುತ್ತೆ, ಅಷ್ಟೇ."

ಮೂತಿಯ ಸ್ಕ್ರೂ ಸಡಿಲಿಸಿದ ಕೂಡಲೇ ಕಪ್ಪು ಎಣ್ಣೆ ಚಿರ್ರೆಂದು ಬಾಟಲಿಗೆ ನುಗ್ಗಿತು. ನಡುನಡುವೆ ಗುಳ್ಳೆಗಳು. ಅಮ್ಮ ಸ್ಕ್ರೂ ಮುಚ್ಚಿದಳು. ಅಪ್ಪ ಎಂಜಿನ್ ಶುರು ಮಾಡಿ ಬಟನ್ ಒತ್ತಿದ. ಪಂಪು ಗುಂಯ್ ಎಂದಿತು. ಆನೆ ಎದ್ದಿತು. ಟ್ಯಾಂಕಿನ ಎಣ್ಣೆ ಇಳಿಯಿತು.

ಅದನ್ನು ಕಾಯುವುದೇ ಗುಬ್ಬಿಯ ಕೆಲಸ. ಎಣ್ಣೆ ಕೆಳಗಿನ ಗೆರೆಗೆ ಬಂದರೆ ಕೂಗಬೇಕು. ಗೆರೆ ದಾಟಿದರೆ ಪಂಪು ಗಾಳಿ ಕುಡಿಯುತ್ತದೆ, ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

"ಸ್ಟಾಪ್!" ಗುಬ್ಬಿ ಕೂಗಿದಳು. ಅಪ್ಪ ಹೌಹಾರಿ ಹಾರ್ನ್ ಒತ್ತಿಬಿಟ್ಟ. ಎದುರು ಮನೆಯ ನಾಯಿ ಬೊಗಳಿತು.

ಮತ್ತೆ ತುಂಬಿದರು, ಮತ್ತೆ ಬಿಟ್ಟರು. ಪೈಪಿನಲ್ಲಿ ಕಪ್ಪು ಹೋಗಿ ಕಂದು ಬಂತು, ಕಂದು ಹೋಗಿ ಗುಲಾಬಿ ಬಂತು. ಎಡಗಡೆಯ ಎರಡೂ ಚಕ್ರ ಮುಗಿಯಿತು. ಗಾಜಿನಷ್ಟು ತಿಳಿ.

"ಭೇಷ್!" ತಾತ ಕಿಟಕಿಯಿಂದಲೇ ಅಂದರು. ತಕ್ಷಣ ತಾವು ಏನೂ ಅನ್ನಲಿಲ್ಲವೇನೋ ಎಂಬಂತೆ ಆಕಾಶ ನೋಡಿದರು.

"ಗುಬ್ಬೀ, ಎರಡನೇ ಕ್ಯಾನ್ ತಂದು ಸುರಿ" ಅಂದಳು ಅಮ್ಮ, ಬಲಗಡೆಗೆ ಹೋಗುತ್ತಾ.

ಗುಬ್ಬಿ ತಂದಳು, ಆಲಿಕೆ ಇಟ್ಟು ಒಂದು ಹನಿಯೂ ಚೆಲ್ಲದಂತೆ ಸುರಿದಳು. ಅಮ್ಮ ಬಲಗಡೆಯ ಹಳೆಯ ಎಣ್ಣೆಯನ್ನೆಲ್ಲ ಬಿಟ್ಟಳು. ಆನೆ ಎದ್ದಿತು, ತಗ್ಗಿತು, ಎದ್ದಿತು. ಹೊಸ ಎಣ್ಣೆ ಪೈಪಿಗೆ ಬಂತು.

ಆದರೆ ಅದು ತಿಳಿ ಗುಲಾಬಿಯಾಗಿರಲಿಲ್ಲ. ಹಾಲು ಬೆರೆಸಿದ ಹಾಗೆ ಬೆಳ್ಳಗಿತ್ತು. ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಲೆಕ್ಕವಿಲ್ಲದಷ್ಟು.

ಅಮ್ಮ ಪೈಪು ಬಿಗಿ ಮಾಡಿದಳು. ಅದೇ ನೊರೆ. ಸ್ಕ್ರೂ ತಿರುಗಿಸಿ ನೋಡಿದಳು. ಅದೇ ನೊರೆ.

"ರೀ! ಟ್ಯಾಂಕ್ ಖಾಲಿ ಆಗೋ ತನಕ ಬಟನ್ ಒತ್ತಿದ್ರಾ?"

"ಇಲ್ವೇ! ಗುಬ್ಬಿ ಸ್ಟಾಪ್ ಅಂದ ಕೂಡ್ಲೇ ಬಿಟ್ಟೆ!"

"ಮತ್ತೆ ಗಾಳಿ ಎಲ್ಲಿಂದ ಬಂತು? ಆಕಾಶದಿಂದ ಬಂತಾ? ಒಂದು ಬಟನ್ ನೆಟ್ಟಗೆ ಒತ್ತೋಕೆ ಬರಲ್ವಲ್ಲ ನಿಮಗೆ!"

ಅಪ್ಪ ಬಟನ್ ಮೇಲಿಂದ ಬೆರಳು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಗುಬ್ಬಿ ಕ್ಯಾನಿನತ್ತ ನೋಡಿದಳು. ತಳದಲ್ಲಿ ಉಳಿದಿದ್ದ ಎಣ್ಣೆಯ ಮೇಲೆ ದಪ್ಪ ನೊರೆ ಕೂತಿತ್ತು. ತಾತನಿಗೆ ಕೆಮ್ಮಿನ ಸಿರಪ್ ಕೊಡುವುದು ಅವಳದೇ ಕೆಲಸ. ಯಾವ ಬಾಟಲಿ ಕೈಗೆ ಬಂದರೂ ಮೊದಲು ಚೆನ್ನಾಗಿ ಅಲ್ಲಾಡಿಸುವುದು ಅವಳ ಕೈಗೆ ಅಂಟಿದ ಅಭ್ಯಾಸ. ಕ್ಯಾನನ್ನೂ ಅಲ್ಲಾಡಿಸಿದ್ದಳು. ಎರಡೂ ಕೈಯಲ್ಲಿ ಹಿಡಿದು, ಕುಣಿಕುಣಿದು, ತೋಳು ನೋಯುವಷ್ಟು.

ಹೇಳದೇ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೈಗುಳ ಹೇಗೂ ಅಪ್ಪನಿಗೆ ಬಿದ್ದಾಗಿದೆ.

ಅಷ್ಟರಲ್ಲಿ ತಾತ ಕಿಟಕಿಯಿಂದ ಮೆತ್ತಗೆ ಅಂದರು. "ಬಿಡಮ್ಮಾ. ಸುಮ್ನೆ ಯಾಕೆ ಒದ್ದಾಡ್ತೀಯ. ನಾಳೆ ನಂಗೂ ಅಷ್ಟೇನೂ ಮನಸ್ಸಿಲ್ಲ." ಆ ದನಿಯಲ್ಲಿ ಗೊಣಗಾಟ ಇರಲಿಲ್ಲ. ಅದನ್ನೇ ಗುಬ್ಬಿಗೆ ತಡೆಯಲಾಗಲಿಲ್ಲ.

"ಅಪ್ಪ ಅಲ್ಲ, ನಾನು" ಅಂದಳು. "ಕ್ಯಾನ್ ಅಲ್ಲಾಡ್ಸಿದೆ."

ಅಮ್ಮ ತಿರುಗಿದಳು. "ಏನಂದೆ?"

"ಜೋರಾಗಿ ಅಲ್ಲಾಡ್ಸಿದೆ. ನೀನೇ ಹೇಳಿದ್ದಲ್ವಾ, ಯಾವ ಬಾಟಲ್ ಆದ್ರೂ ಅಲ್ಲಾಡ್ಸದೆ ಕೊಡಬಾರ್ದು ಅಂತ."

ಅಮ್ಮನ ಮುಖ ಕೆಂಪಾಯಿತು. ಸ್ಪ್ಯಾನರನ್ನು ಠಣ್ಣೆಂದು ನೆಲಕ್ಕೆ ಹಾಕಿ, ಸರಸರ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು. ಬೆರಳ ಸಂದಿ, ಉಗುರ ಸಂದಿ, ಮೊಣಕೈವರೆಗೆ.

"ಮಾತಾಡ್ಬೇಡ" ಅಪ್ಪ ಪಿಸುಗುಟ್ಟಿದ. "ಸೋಪು ಕರಗೋ ತನಕ ಇಬ್ರೂ ಉಸಿರೆತ್ತೋದು ಬೇಡ."

ಅಮ್ಮ ಬಹಳ ಹೊತ್ತು ಬಿಟ್ಟು ವಾಪಸ್ ಬಂದಳು. ಕೈ ಒರೆಸಿಕೊಂಡು ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದಳು. ತುಟಿಯ ಕೊನೆಯಲ್ಲಿ ನಗು ಇಣುಕಿತು.

"ಹೌದು. ನಾನೇ ಹೇಳಿದ್ದು" ಅಂದಳು. ಆಮೇಲೆ ಅಪ್ಪನ ಕಡೆ ನೋಡಿ, "ರೀ... ನೀವು ನೆಟ್ಟಗೇ ಒತ್ತಿದೀರಿ."

"ಇದನ್ನ ಯಾರಾದ್ರೂ ಬರೆದು ಗೋಡೆಗೆ ಅಂಟಿಸ್ರಪ್ಪಾ!" ಅಂದ ಅಪ್ಪ.

"ಅಮ್ಮಾ, ಈಗೇನ್ ಮಾಡೋದು?"

"ಏನೂ ಮಾಡಬಾರ್ದು. ಅದೇ ಕಷ್ಟ." ಅಮ್ಮ ಎಂಜಿನ್ ಆರಿಸಲು ಹೇಳಿ, ಕ್ಯಾನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಕೂತಳು. "ಗುಳ್ಳೆ ತಾನಾಗೇ ಮೇಲೆ ಬರುತ್ತೆ. ಅಲ್ಲೀವರೆಗೂ ಮುಟ್ಟಬಾರ್ದು."

"ಎಷ್ಟು ಹೊತ್ತು?"

"ಅದನ್ನ ಗುಳ್ಳೇನೇ ಕೇಳು."

ಅಮ್ಮ ಸುಮ್ಮನೆ ಕೂರುವುದನ್ನು ಗುಬ್ಬಿ ಅಷ್ಟಾಗಿ ನೋಡಿಯೇ ಇರಲಿಲ್ಲ. ಅಪ್ಪ ಬ್ರೆಡ್ಡು ತಂದ, ತಿಂದರು. ಬಿಸಿಲು ಗೋಡೆ ಹತ್ತಿತು. ಗುಬ್ಬಿ ಮೆಟ್ಟಿಲಿಗೆ ಕೆನ್ನೆ ಆನಿಸಿ ಕ್ಯಾನನ್ನೇ ನೋಡುತ್ತಿದ್ದಳು. ಗುಳ್ಳೆಗಳು ಒಂದೊಂದಾಗಿ ಮೇಲೆ ತೇಲಿ, ಅಂಚಿಗೆ ಹೋಗಿ, ಟಪ್ಪೆನ್ನದೆಯೇ ಒಡೆಯುತ್ತಿದ್ದವು. ಒಂದೆರಡು ಸಲ ಕ್ಯಾನನ್ನು ತಟ್ಟಲು ಕೈ ಹೋಯಿತು. ಹಿಂದಕ್ಕೆ ತೆಗೆದುಕೊಂಡಳು.

"ವಾರ್ಡಲ್ಲೂ ಹಿಂಗೇ ಕಾಯ್ತೀಯಾ?"

"ದಿನಾ" ಅಂದಳು ಅಮ್ಮ. "ಡ್ರಿಪ್ ಚುಚ್ಚೋ ಮೊದಲು ಪೈಪಿಂದ ಗುಳ್ಳೆ ಓಡಿಸ್ಬೇಕು. ಪೇಷೆಂಟ್ ಮನೆಯವ್ರು ಬೇಗ ಬೇಗ ಅಂತಾರೆ. ಬೇಗ ಆಗಲ್ಲ."

ನೆರಳು ಉದ್ದವಾಗುವ ಹೊತ್ತಿಗೆ ಕ್ಯಾನಿನ ಎಣ್ಣೆ ತಿಳಿಯಾಗಿತ್ತು, ಟ್ಯಾಂಕಿನದೂ. ಅಮ್ಮ ಮತ್ತೆ ಚಕ್ರದ ಪಕ್ಕ ಕೂತಳು. ಈಗ ಅವಳ ಕೈ ನೋಡಬೇಕಿತ್ತು! ಸ್ಕ್ರೂ ಕೂದಲೆಳೆಯಷ್ಟು ತೆರೆದಳು. ಪೈಪಿಗೆ ಅಂಟಿದ್ದ ಗುಳ್ಳೆಯನ್ನು ಉಗುರಿನಿಂದ ಟಕ್ ಟಕ್ ಎಂದು ತಟ್ಟಿ ಎಬ್ಬಿಸಿದಳು. ಅದು ಹೊರಟಿತು. ಇನ್ನೊಂದು ಬಂತು. ಟಕ್. ಅದನ್ನೂ ಕಳಿಸಿದಳು. ಮಲಗಿರುವ ಯಾರೋ ರೋಗಿಗೆ ನೋವಾಗದ ಹಾಗೆ. ಗುಬ್ಬಿ ಟ್ಯಾಂಕಿನ ಗೆರೆಯಿಂದ ಕಣ್ಣು ಕೀಳುವಂತಿರಲಿಲ್ಲ. ಆದರೂ ಆ ಟಕ್ ಟಕ್ ಕೇಳಿದಾಗಲೆಲ್ಲ ಅವಳಿಗೆ, ಆಸ್ಪತ್ರೆಯಲ್ಲಿ ಯಾರೋ ಕಾಣದವರು ನೆಮ್ಮದಿಯಾಗಿ ಮಲಗಿದ್ದಾರೆ ಅನ್ನಿಸುತ್ತಿತ್ತು.

ಕೊನೆಯ ಚಕ್ರದ ಪೈಪಿನಲ್ಲೂ ಗುಲಾಬಿ ಬಣ್ಣ ಒಂದೇ ಸಮ ಹರಿಯಿತು. ಅಮ್ಮ ಸ್ಕ್ರೂ ಬಿಗಿ ಮಾಡಿ, ರಬ್ಬರ್ ಟೋಪಿ ತೊಡಿಸಿದಳು. ಅಪ್ಪ ಬಟನ್ ಒತ್ತಿ ಆನೆಯನ್ನು ಎಬ್ಬಿಸಿದ. ಅಮ್ಮ ಕೆಳಗಿನ ಸ್ಟ್ಯಾಂಡುಗಳನ್ನು ಎಳೆದು ತೆಗೆದಳು. ಇಟ್ಟಿಗೆಗಳು ಹಾಗೇ ಇದ್ದವು.

"ಈಗ ಒತ್ತಿ" ಅಂದಳು.

ಅಪ್ಪ ಈ ಸಲ ಬೈಯಲಿಲ್ಲ. ಒತ್ತಿದ.

ಉಸ್ಸ್... ಆನೆ ಎಡಗಡೆ ತಗ್ಗಿತು. ಬಲಗಡೆಯೂ ತಗ್ಗಿತು. ನಾಲ್ಕೂ ಕಾಲು ಮಡಿಸಿ, ಸುಸ್ತಾದವರು ಕೂರುವ ಹಾಗೆ ಮೆಲ್ಲಗೆ ಕೂತಿತು.

ಯಾರೂ ಚಪ್ಪಾಳೆ ತಟ್ಟುವ ಮೊದಲೇ ಬಾಗಿಲ ಹತ್ತಿರ ಕೋಲಿನ ಸದ್ದಾಯಿತು. ತಾತ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು.

"ನಾಳೆ ಅಲ್ವಾ ತಾತ ಹೋಗೋದು?"

"ಗಾಡಿ ಹೊರಡೋ ಮೊದಲು ಡ್ರೈವರ್ ಒಂದ್ ಸಲ ಹತ್ತಿ ನೋಡ್ಬೇಕು. ಅಷ್ಟೂ ಗೊತ್ತಿಲ್ವಾ?"

ಮೆಟ್ಟಿಲು ಇಳಿದರು. ಅಂಗಳ ದಾಟಿದರು. ಎದುರು ಮನೆಯವರು ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ನೋಡುತ್ತಿದ್ದರು. ತಾತ ಬಾಗಿಲ ಹಿಡಿ ಹಿಡಿದರು. ಮೊದಲು ಸೊಂಟ ಸೀಟಿಗೆ ಊರಿದರು. ಒಂದು ಕಾಲು ಒಳಗಿಟ್ಟರು. ಇನ್ನೊಂದು ಕಾಲು ಬರಲಿಲ್ಲ. ಎರಡೂ ಕೈಯಿಂದ ಅದನ್ನು ಹಿಡಿದು ಎತ್ತಿದರು. ಅದು ಅರ್ಧಕ್ಕೆ ಬಂದು ನಿಂತಿತು. ತಾತನ ಕತ್ತಿನ ನರ ಉಬ್ಬಿತು.

ಗುಬ್ಬಿಯ ಕೈ ಮುಂದೆ ಹೋಗಿಯೇ ಬಿಟ್ಟಿತ್ತು. ಅದನ್ನು ಗಾಳಿಯಲ್ಲೇ ತಡೆದಳು. ಮೆಲ್ಲಗೆ ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು.

ಪಕ್ಕದಲ್ಲಿ ಅಮ್ಮ ತಾತನ ಕಡೆ ನೋಡದೆ ಟ್ಯಾಂಕಿನ ಕಡೆಗೇ ನೋಡುತ್ತಿದ್ದಳು. ಅವಳ ಕೈಗಳೂ ಬೆನ್ನ ಹಿಂದೆ ಇದ್ದವು. ಎಣ್ಣೆ ಮೆತ್ತಿದ ಬೆರಳುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಕಾರಿನಿಂದ ಇಳಿದು ಬಂದ ಅಪ್ಪನೂ ಕೈ ಕಟ್ಟಿ ನಿಂತಿದ್ದ.

ಕಾಲು ಒಳಗೆ ಹೋಯಿತು. ತಾತ ಬೆನ್ನು ಒರಗಿಸಿ, ಉಸಿರು ಬಿಟ್ಟು, ಸುತ್ತ ನೋಡಿದರು.

"ಏನಿದು, ಎಲ್ಲಾರೂ ಕೈ ಕಟ್ಕೊಂಡು ನಿಂತಿದೀರ?"

"ಸುಮ್ನೆ ತಾತ" ಅಂದಳು ಗುಬ್ಬಿ.