ಎರಡನೇ ಕೇಬಲ್ ಯಾರಿಗೆ?

"ಕಾರ್ ಚಾರ್ಜರ್ ಎರಡು ಕೇಬಲ್ ಇರೋದನ್ನೇ ತಗೋ ಗಾರ್ನೆಟ್! ಚಿಕ್ಕದು ತಗೊಂಡು ಆಮೇಲೆ ನನ್ನ ಮುಂದೆ ಅಳಬೇಡ," ಅಂದಳು ಪಾಲೆಟ್, ಅಡುಗೆಮನೆ ಮೇಜಿನ ಮೇಲೆ ಎರಡೂ ಮೊಣಕೈ ಊರಿಕೊಂಡು.

ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದ ಐಲಾಳ ಕಾಲು ಅಲ್ಲೇ ನಿಂತಿತು.

'ಎರಡು ಕೇಬಲ್ಲಾ? ಇವನಿಗಿರುವುದು ಒಂದೇ ಕಾರು!'

ಗಾರ್ನೆಟ್ ತಿರುಗಿ ನೋಡಿದ. ಕಿವಿ ಕೆಂಪಗಾಯಿತು. "ಬಂದ್ಯಾ ಐಲಾ? ಬಾ, ಒಳಗೆ ಬಾ... ಚಳಿ."

ಥಂಡರ್ ಬೇ ಊರಿನಲ್ಲಿ ಆ ಶನಿವಾರ ಮಧ್ಯಾಹ್ನವೂ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ. ಆದರೆ ಐಲಾಳ ಹೊಟ್ಟೆಯೊಳಗೆ ಮಾತ್ರ ಕಾವು ಏರತೊಡಗಿತ್ತು.

ಹನ್ನೊಂದು ವರ್ಷದಿಂದ ಎಲೆಕ್ಟ್ರಿಷಿಯನ್ ಅವಳು; ಚಾರ್ಜರ್ ಕೂರಿಸಲು ಗಾರ್ನೆಟ್ ಅವಳನ್ನೇ ಕರೆಸಿದ್ದ. ಗಾರ್ನೆಟ್ ಶಾಲೆಯಲ್ಲಿ ಬ್ಯಾಂಡ್ ಕಲಿಸುವ ಮೇಷ್ಟ್ರು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಗುರುವಾರದ ಕರ್ಲಿಂಗ್ ತಂಡದಲ್ಲಿ ಇಬ್ಬರೂ ಜೊತೆ. ಆಟ ಮುಗಿದ ಮೇಲೆ ಕಾಫಿ, ಹರಟೆ... ಎರಡು ಚಳಿಗಾಲ ಹೀಗೇ ಕಳೆದಿತ್ತು. ಪ್ರಪಂಚದ ವಿಷಯವೆಲ್ಲ ಆಡುವ ಮನುಷ್ಯ, ಆಡಬೇಕಾದ ಒಂದು ಮಾತು ಮಾತ್ರ ಆಡಿರಲಿಲ್ಲ. ಈ ವರ್ಷ ಹಿಮ ಕರಗುವುದರೊಳಗೆ ನಾನೇ ಹೇಳಿಬಿಡುತ್ತೇನೆ ಎಂದುಕೊಂಡಿದ್ದಳು.

ಈಗ ನೋಡಿದರೆ ಪಾಲೆಟ್! ಪಕ್ಕದ ಮನೆಯವಳು. ಬೇಸಿಗೆಯಲ್ಲಷ್ಟೇ ಗಂಡನಿಂದ ಬೇರೆಯಾದವಳು. ಅವಳ ಮನೆ ಮುಂದೆ 'ಮಾರಾಟಕ್ಕಿದೆ' ಹಲಗೆ ನೆಟ್ಟು ವಾರವಾಗಿತ್ತು.

"ಒಂದು ಕೇಬಲ್ ನನ್ನ ಕಾರಿನ ಹಿಂಭಾಗಕ್ಕೆ," ಗಾರ್ನೆಟ್ ತಡವರಿಸಿದ. "ಇನ್ನೊಂದು... ಮೂತಿಯ ಹತ್ತಿರ ಚಾರ್ಜ್ ಆಗೋ ಗಾಡಿಗೂ ಮುಟ್ಟಬೇಕು."

ಪಾಲೆಟ್‌ಳ ಕೆಂಪು ಕಾರಿಗೆ ಚಾರ್ಜ್ ಆಗುವುದು ಮೂತಿಯಲ್ಲೇ!

'ಓಹೋ... ತನ್ನ ಮನೆ ಮಾರಿ ಇಲ್ಲಿಗೇ ಬರ್ತಾಳೆ. ಅವಳ ಕಾರಿಗೆ ನಾನು ತಂತಿ ಎಳೆಯಬೇಕು!'

"ಬನ್ನು ತಗೊಳ್ಳೇ," ಪಾಲೆಟ್ ತಟ್ಟೆ ನೂಕಿದಳು. "ಮುಖ ಯಾಕೆ ಹಾಗಿದೆ?"

"ಹಸಿವಿಲ್ಲ. ಕರೆಂಟ್ ಬೋರ್ಡ್ ನೋಡ್ತೀನಿ."

ನೆಲಮಾಳಿಗೆಯ ಬೋರ್ಡಿನ ಮುಚ್ಚಳ ತೆಗೆದಳು. ಒಲೆ, ಬಟ್ಟೆ ಒಣಗಿಸುವ ಯಂತ್ರ, ನೀರು ಕಾಯಿಸುವ ಹಂಡೆ... ಎಲ್ಲ ಕೂಡಿ ಕಳೆದರೂ ಬೋರ್ಡ್ ಎರಡು ಗಾಡಿಯನ್ನು ಧಾರಾಳವಾಗಿ ತಡೆಯುತ್ತಿತ್ತು.

ಮೇಲೆ ಬಂದು ಅವನ ಮುಖ ನೋಡದೆ ಹೇಳಿದಳು. "ಒಂದೇ ಕೇಬಲ್‌ದು ಹಾಕಿಸ್ಕೋ. ಎರಡು ಗಾಡಿ ನಿನ್ನ ಬೋರ್ಡ್ ತಡೆಯಲ್ಲ."

"ಆಗೋದೇ ಇಲ್ವಾ?"

"ಆಗಲ್ಲ!"

ಗಾರ್ನೆಟ್‌ನ ಮುಖ ಇಳಿದುಹೋಯಿತು. ಪಾಲೆಟ್ ಇಬ್ಬರನ್ನೂ ನೋಡಿದಳು. "ನಿಮ್ಮಿಬ್ಬರಿಗೂ ದೇವರೇ ಬುದ್ಧಿ ಕೊಡಬೇಕು! ಮನೆ ನೋಡೋಕೆ ಜನ ಬರ್ತಾರೆ, ನಾನು ಹೊರಟೆ," ಎಂದು ಕೋಟು ಏರಿಸಿಕೊಂಡು ಹೋದಳು.

ಐಲಾ ವ್ಯಾನಿನಲ್ಲಿ ಕೂತು ಕೆಲಸದ ಹಾಳೆ ತೆಗೆದಳು. 'ಬೋರ್ಡ್ ಸಾಲದು' ಎಂದು ಬರೆದು ಸಹಿ ಹಾಕಬೇಕು, ಅಷ್ಟೇ.

ಪೆನ್ನು ಏಳಲಿಲ್ಲ.

ಹನ್ನೊಂದು ವರ್ಷದಲ್ಲಿ ಕರೆಂಟಿನ ವಿಷಯಕ್ಕೆ ಯಾರಿಗೂ ಒಂದು ಸುಳ್ಳು ಹೇಳಿದವಳಲ್ಲ. ಇವತ್ತು ಹೇಳಿದ್ದಳು... ಅದೂ ಅವನಿಗೆ!

ಕಣ್ಣೊರೆಸಿಕೊಂಡು ಮತ್ತೆ ಬಾಗಿಲು ತಟ್ಟಿದಳು.

"ಗಾರ್ನೆಟ್, ನಾನು ಸುಳ್ಳು ಹೇಳಿದೆ. ನಿನ್ನ ಬೋರ್ಡ್ ತಡೆಯುತ್ತೆ. ಎರಡು ಕೇಬಲ್‌ದು ಕರೆಂಟನ್ನ ತಾನೇ ಹಂಚಿ ಕೊಡುತ್ತೆ. ಬೆಳಗಾಗೋಷ್ಟರಲ್ಲಿ ಎರಡೂ ತುಂಬಿರುತ್ತೆ."

"ಸುಳ್ಳಾ? ನೀನಾ? ಯಾಕೆ?"

"ಹೊಟ್ಟೆ ಉರೀತು, ಅದಕ್ಕೆ!" ಅವಳ ದನಿ ಒಡೆಯಿತು. "ಪಾಲೆಟ್ ಕಾರು ದಿನಾ ನಿನ್ನ ಅಂಗಳದಲ್ಲಿ ನಿಲ್ಲೋದನ್ನ ನೋಡೋ ಶಕ್ತಿ ನನಗಿಲ್ಲ. ನೀನಂದ್ರೆ ಇಷ್ಟ ಕಣೋ ನನಗೆ. ಎರಡು ವರ್ಷದಿಂದ. ಸಾಕಾ? ಬೇರೆಯವರನ್ನ ಕರೆಸಿ ಹಾಕಿಸ್ಕೋ. ನನ್ನ ಕೈಲಾಗಲ್ಲ."

ಗಾರ್ನೆಟ್ ಕಣ್ಣು ಕಣ್ಣು ಬಿಟ್ಟ. "ಪಾಲೆಟ್ ವಿನಿಪೆಗ್‌ಗೆ ಹೋಗ್ತಿದಾಳೆ. ಮಗಳ ಹತ್ತಿರ!"

"ಮತ್ತೆ... ಎರಡನೇ ಕೇಬಲ್?"

ಅವನು ಕಿಟಕಿಯಾಚೆ ಕೈ ತೋರಿಸಿದ. ಅಲ್ಲಿ ಅವಳ ವ್ಯಾನು ನಿಂತಿತ್ತು. ಕಂಪನಿ ಹೋದ ತಿಂಗಳಷ್ಟೇ ಕೊಟ್ಟ ಎಲೆಕ್ಟ್ರಿಕ್ ವ್ಯಾನು. ಚಾರ್ಜ್ ಆಗುವುದು... ಮೂತಿಯಲ್ಲಿ!

"ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಚಾರ್ಜ್ ಮಾಡೋ ಜಾಗ ಇಲ್ಲ ಅಂತ, ದಿನಾ ಸಂಜೆ ದಿನಸಿ ಅಂಗಡಿ ಮುಂದಿನ ಚಾರ್ಜರ್ ಹತ್ತಿರ ಗಂಟೆಗಟ್ಟಲೆ ಕೂತಿರ್ತೀಯ. ಕೈಗವಸು ಹಾಕ್ಕೊಂಡೇ ಸೂಪ್ ಕುಡೀತಾ... ನಾನು ಎಷ್ಟು ಸಲ ಪಕ್ಕದಲ್ಲೇ ಹಾದುಹೋಗಿದೀನಿ ಗೊತ್ತಾ? ಕಿಟಕಿ ತಟ್ಟೋ ಧೈರ್ಯ ಬರಲಿಲ್ಲ."

"ಅದು ಕಂಪನಿ ವ್ಯಾನು ಮಾರಾಯ!"

"ಗಾಡಿ ಕಂಪನೀದು. ಒಳಗೆ ಕೂತಿರೋಳು?"

ಊರಿನವರ ಕಾರುಗಳನ್ನೆಲ್ಲ ಲೆಕ್ಕ ಹಾಕಿದವಳಿಗೆ ತನ್ನ ಗಾಡಿಯೇ ನೆನಪಾಗಿರಲಿಲ್ಲ!

"ಮನೆಗೆ ಬಾ ಅಂತ ಕರೆಯೋಕೆ ಜನ ಉಂಗುರ ತರ್ತಾರೆ," ಅಳುವಿನಲ್ಲೇ ನಕ್ಕಳು. "ನೀನು ತಂತಿ ಎಳೆಸ್ತಿದೀಯ. ಅದೂ ನನ್ನ ಕೈಲೇ!"

"ಬೇರೆ ಯಾರು ಎಳೆದಿದ್ರೂ ನೀನು ತಪ್ಪು ಹುಡುಕ್ತಿದ್ದೆ."

"ಹುಡುಕ್ತಿದ್ದೆ... ಖಂಡಿತ."

"ಹಾಗಾದ್ರೆ ಇರ್ತೀಯಾ?"

"ಮೊದಲು ಆ ಬನ್ನು ಕೊಡು. ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಅಷ್ಟರಲ್ಲಿ ರಸ್ತೆಯ ಹಿಮ ತಳ್ಳುವ ಯಂತ್ರ ಗುಡುಗುತ್ತ ಬಂತು. ಗಾರ್ನೆಟ್‌ನ ಅಂಗಳದ ಬಾಯಿಗೆ ಸೊಂಟದೆತ್ತರ ಹಿಮ ಒಟ್ಟಿ, ವ್ಯಾನು ಹೊರಬರದಂತೆ ಮಾಡಿ, ತಿರುವಿನಲ್ಲಿ ಮರೆಯಾಯಿತು.