ಪ್ರೊಜೆಕ್ಟರ್ ಆರಿಸಿದ್ದು ಯಾರು?

“ಅಪ್ಪಾ, ಆ ನಂಬರ್ ಸುಳ್ಳು!”

ಅನ್ವಿತಾ ಅಪ್ಪನ ಅಂಗಿ ಹಿಡಿದು ಎಳೆದಳು. ಅಪ್ಪ ತಿರುಗಿ ನೋಡಲಿಲ್ಲ. ಕೊಲ್ಲಿ ದೇಶದ ಹವಲ್ಲಿ ಪೇಟೆಯ ಆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಶುಕ್ರವಾರದ ರಜೆಯ ಗದ್ದಲ. ಅಂಗಡಿಯ ಉಮ್ಮರ್ ಕುಂಞಿ ಟಿಫಿನ್ ಡಬ್ಬಿಯಷ್ಟು ಚಿಕ್ಕ ಪ್ರೊಜೆಕ್ಟರ್ ಒಂದನ್ನು ಕೌಂಟರ್ ಮೇಲಿಟ್ಟಿದ್ದರು. ಅದರ ಬಾಕ್ಸ್ ಮೇಲೆ ಕೆಂಪಗೆ, ದಪ್ಪಗೆ ‘9000 ಲುಮೆನ್ಸ್’ ಎಂದು ಬರೆದಿತ್ತು.

“ಇದು ಎಲ್‌ಇಡಿ, ಸುಕುಮಾರಣ್ಣ. ಬಲ್ಬ್ ಚೇಂಜ್ ಮಾಡುವ ರಗಳೆ ಇಲ್ಲ. ಸೌಂಡೂ ಇಲ್ಲ. ನಿಮ್ಮ ಬಜೆಟ್‌ಗೆ ಕರೆಕ್ಟ್.”

“ಬೆಳಕು ಸಾಕಾಗ್ತದಾ?” ಅಪ್ಪ ಕೇಳಿದರು.

“ಒಂಬತ್ತು ಸಾವಿರ ಉಂಟಲ್ಲ ಮಾರಾಯ್ರೆ!”

ಪಕ್ಕದಲ್ಲಿ ಒಂದು ಲೇಸರ್ ಪ್ರೊಜೆಕ್ಟರ್ ಇತ್ತು. ಅದರ ಚಿತ್ರ ಗೋಡೆಯ ಮೇಲೆ ಕಿಟಕಿ ತೆರೆದ ಹಾಗೆ ಹೊಳೆಯುತ್ತಿತ್ತು. ಆದರೆ ಬೆಲೆಯ ಚೀಟಿ ನೋಡಿದ ಅಪ್ಪ ಅದರ ಹತ್ತಿರವೂ ಹೋಗಿರಲಿಲ್ಲ. ಮೂಲೆಯಲ್ಲಿ ಮೂರನೆಯದೊಂದು ಇತ್ತು. ದೊಡ್ಡದು, ಹಳೇ ಕಾಲದ್ದರ ಹಾಗಿತ್ತು, ಒಳಗೆ ಲ್ಯಾಂಪ್ ಇರುವಂಥದ್ದು. ಅದನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ಅನ್ವಿತಾ ಮಾತ್ರ ನೋಡಿದ್ದಳು. ಮನೆಯಲ್ಲಿ ಹೋಮ್ ಥಿಯೇಟರ್ ಮಾಡುವುದು ಅಂತಾದ ದಿನದಿಂದ ಅವಳು ಸ್ಕೂಲಿಂದ ಬಂದು ಕೂತು ರಿವ್ಯೂ ವಿಡಿಯೋ ನೋಡಿದ್ದೇ ನೋಡಿದ್ದು.

“ಅಪ್ಪಾ, ಅದು ಬರೀ ಶೋ ನಂಬರ್. ಆನ್ಸಿ ಅಂತ ಬೇರೆ ನಂಬರ್ ಇರ್ತದೆ. ಅದೇ ರಿಯಲ್. ಅದನ್ನು ಕೇಳಿ!”

“ಒಂದು ನಿಮಿಷ ಮಗಾ, ಮಾತಾಡ್ತಾ ಇದ್ದೇವಲ್ಲ.”

ಅನ್ವಿತಾಳ ಕಿವಿ ಬಿಸಿಯಾಯಿತು. ಅವಳು ಅಣ್ಣನ ಹತ್ತಿರ ಓಡಿದಳು. ಒಂಬತ್ತನೇ ಕ್ಲಾಸಿನ ತಿಲಕ್ ಹೆಡ್‌ಫೋನ್‌ಗಳ ಮುಂದೆ ನಿಂತಿದ್ದ.

“ಅಣ್ಣಾ, ಅಪ್ಪನಿಗೆ ನೀನು ಹೇಳು. ಆನ್ಸಿ ಎಷ್ಟು ಅಂತ ಕೇಳ್ಬೇಕು. ನಮ್ಮ ಹಾಲ್‌ನಲ್ಲಿ ಹಗಲು ಬಿಸಿಲು ಬರ್ತದಲ್ವಾ? ಆ ಚಿಕ್ಕದು ವೇಸ್ಟ್. ಲ್ಯಾಂಪಿನದ್ದೇ ಬೆಸ್ಟ್.”

“ಹೂಂ, ಹೂಂ,” ಎಂದ ತಿಲಕ್.

ಸ್ವಲ್ಪ ಹೊತ್ತಿಗೆ ಅವನು ಪ್ಯಾಂಟಿನ ಜೇಬಿಗೆ ಕೈ ಹಾಕಿಕೊಂಡು ಕೌಂಟರಿಗೆ ಬಂದ. “ಅಂಕಲ್, ಇದರ ಆನ್ಸಿ ಲುಮೆನ್ಸ್ ಎಷ್ಟು?”

ಉಮ್ಮರ್ ಕುಂಞಿ ಬಾಕ್ಸನ್ನು ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ ಜೋರಾಗಿ ನಕ್ಕರು. “ಹುಡುಗ ಭಾರೀ ಹುಷಾರುಂಟು! ಸತ್ಯ ಹೇಳ್ತೇನೆ, ಇನ್ನೂರು ಇರಬಹುದು. ಬಾಕ್ಸ್‌ನಲ್ಲಿ ಕಂಪನಿಯವರು ಎಂತ ಬೇಕಾದ್ರೂ ಬರೀತಾರೆ.”

“ನಮ್ಮ ಹಾಲ್‌ಗೆ ಬಿಸಿಲು ಬರ್ತದೆ ಅಪ್ಪ. ಲ್ಯಾಂಪಿನದ್ದೇ ಬೆಸ್ಟ್.”

ಅಪ್ಪ ತಿಲಕನ ಬೆನ್ನು ತಟ್ಟಿದರು. “ನೋಡಿ, ಇವತ್ತು ಇವನು ಬಂದದ್ದು ಒಳ್ಳೇದಾಯ್ತು!”

ಅನ್ವಿತಾ ಬಾಯಿ ತೆರೆದು ನಿಂತೇಬಿಟ್ಟಳು. ಅವಳದೇ ಮಾತು! ಒಂದಕ್ಷರವೂ ಬದಲಾಗಿರಲಿಲ್ಲ!

ಕಾರಿನಲ್ಲಿ ಅವಳು ಸ್ಫೋಟಿಸಿದಳು. “ಅದು ನಾನು ಹೇಳಿದ್ದು! ಫಸ್ಟ್ ನಾನೇ ಹೇಳಿದ್ದು! ಅಪ್ಪ ಕೇಳ್ಲೇ ಇಲ್ಲ!”

“ನಂಗೂ ಗೊತ್ತಿತ್ತು,” ತಿಲಕ್ ಕಿಟಕಿಯ ಹೊರಗೆ ನೋಡುತ್ತ ಹೇಳಿದ.

“ಸುಳ್ಳು! ಇಟ್ಸ್ ನಾಟ್ ಫೇರ್!”

“ಯಾರು ಹೇಳಿದ್ರೆ ಎಂತ ಮಾರಾಯ್ತಿ?” ಅಪ್ಪ ನಗುತ್ತಾ ಹೇಳಿದರು. “ಒಳ್ಳೇ ಪ್ರೊಜೆಕ್ಟರ್ ಬಂತಲ್ಲ, ಸಾಕು.”

ಯಾರು ಹೇಳಿದ್ರೆ ಎಂತ! ಹಾಗಾದರೆ ಅಣ್ಣನ ಬೆನ್ನು ಯಾಕೆ ತಟ್ಟಿದ್ದು? ಮೈದಾನ್ ಹವಲ್ಲಿ ಬಡಾವಣೆಯ ತಮ್ಮ ಕಟ್ಟಡ ಬರುವವರೆಗೂ ಅನ್ವಿತಾ ತನ್ನ ಕಡೆಯ ಕಿಟಕಿಗೆ ಮುಖ ಮಾಡಿ ಕೂತಳು. ಲಿಫ್ಟ್‌ನಲ್ಲೂ ಎಲ್ಲರಿಗೂ ಬೆನ್ನು ಹಾಕಿ ನಿಂತಳು.

ಮನೆಗೆ ಬಂದ ಮೇಲೆ ರಿಮೋಟ್ ಮಾತ್ರ ಅವಳು ಯಾರಿಗೂ ಕೊಡಲಿಲ್ಲ. ಅಪ್ಪ ಪ್ರೊಜೆಕ್ಟರನ್ನು ಟೀಪಾಯಿ ಮೇಲಿಟ್ಟರು. ಗೋಡೆಯ ಮೇಲೆ ಬೆಳಕು ಬಿತ್ತು. ಆದರೆ ಅಪ್ಪ ಎದ್ದರೆ ಅಪ್ಪನ ತಲೆಯ ನೆರಳು, ತಿಲಕ್ ವಯರ್ ಹಿಡಿದು ಬಂದರೆ ಅವನ ತಲೆಯ ನೆರಳು.

“ಎಲ್ರೂ ಕೂತ್ಕೊಳ್ಳಿ!” ಅನ್ವಿತಾ ಕಿರುಚಿದಳು.

ಸ್ಟೂಲ್ ತಂದಿಟ್ಟು ನೋಡಿದರು. ಅದೇ ಕತೆ. ಸೋಫಾದ ಕೈ ಮೇಲಿಟ್ಟರು. ಚಿತ್ರ ವಾಲಿತು.

ಅಮ್ಮ ಆಶಾಲತಾ ಗೋಳಿಬಜೆಯ ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದರು. “ಹಿಂದಿನ ಶೋಕೇಸ್ ಮೇಲೆ ಇಟ್ರೆ ಆಗುದಿಲ್ವಾ? ಎಲ್ಲರ ತಲೆಗಿಂತ ಮೇಲೆ...”

“ಅಮ್ಮಾ, ಸ್ವಲ್ಪ ಸುಮ್ನಿರಿ! ಫೋಕಸ್ ಮಾಡ್ತಾ ಇದ್ದೇನೆ,” ಎಂದಳು ಅನ್ವಿತಾ, ಹಿಂತಿರುಗಿ ನೋಡದೆ.

ಮತ್ತೆ ಟೀಪಾಯಿ. ಅದರ ಮೇಲೆ ದಪ್ಪ ಡಿಕ್ಷನರಿ. ಮತ್ತೆ ತಿಲಕನ ತಲೆ.

ಇದ್ದಕ್ಕಿದ್ದಂತೆ ಅಪ್ಪ ಚಿಟಿಕೆ ಹೊಡೆದರು. “ಹೇ! ಶೋಕೇಸ್ ಮೇಲೆ ಇಡುವ! ಯಾರ ತಲೆಯೂ ಅಡ್ಡ ಬರುದಿಲ್ಲ.”

“ಸೂಪರ್ ಐಡಿಯಾ ಅಪ್ಪ!” ಎಂದ ತಿಲಕ್.

“ಸೂಪ...” ಅನ್ವಿತಾಳ ಮಾತು ಅರ್ಧಕ್ಕೇ ನಿಂತಿತು.

ಅವಳು ಅಡುಗೆಮನೆಯ ಕಡೆ ನೋಡಿದಳು. ಅಮ್ಮ ಬಾಣಲೆಗೆ ಹಿಟ್ಟು ಬಿಡುತ್ತಿದ್ದರು. ಅಪ್ಪ ಹೇಳಿದ್ದು ಅವರಿಗೆ ಖಂಡಿತ ಕೇಳಿಸಿತ್ತು. ಆದರೂ ಅವರ ಮುಖದಲ್ಲಿ ಕೋಪ ಇರಲಿಲ್ಲ. ಆಶ್ಚರ್ಯವೂ ಇರಲಿಲ್ಲ. ದಿನಾ ನಡೆಯುವ ಸಂಗತಿ ಎಂಬ ಹಾಗೆ ಬಜೆಗಳನ್ನು ಮಗುಚುತ್ತಿದ್ದರು.

ಅದನ್ನು ನೋಡಿ ಅನ್ವಿತಾಳಿಗೆ ಕಾರಿನಲ್ಲಿ ಬಂದದ್ದಕ್ಕಿಂತ ಹೆಚ್ಚು ಕೋಪ ಬಂತು. ಈ ಸಲ ಅದನ್ನು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ.

“ಅದು ಅಮ್ಮ ಹೇಳಿದ್ದು,” ಅಂದಳು.

“ಎಂತದು?”

“ಶೋಕೇಸ್. ಅಮ್ಮ ಆಗಲೇ ಹೇಳಿದ್ರು. ನಾನೇ... ನಾನೇ ಸುಮ್ನಿರಿ ಅಂದೆ.”

ಅಪ್ಪ ಪ್ರೊಜೆಕ್ಟರ್ ಎತ್ತಿಕೊಂಡು ನಿಂತಲ್ಲೇ ನಿಂತರು. “ಹೌದಾ ಆಶಾ? ನಂಗೆ ಕೇಳ್ಲೇ ಇಲ್ಲ.”

“ಹೇಳಿದ್ದೆ,” ಅಮ್ಮ ಒಳಗಿಂದಲೇ ಅಂದರು. “ಇನ್ನೊಂದು ಹೇಳ್ಲಿಕ್ಕಿತ್ತು. ಇರ್ಲಿ ಬಿಡಿ, ಎಣ್ಣೆ ಕಾದಿದೆ.”

ತಿಲಕ್ ಒಮ್ಮೆ ತಂಗಿಯ ಮುಖ ನೋಡಿ, ಬೇಗನೆ ವಯರ್ ಸುತ್ತತೊಡಗಿದ.

ಅನ್ವಿತಾ ರಿಮೋಟನ್ನು ಸೋಫಾದ ಮೇಲಿಟ್ಟಳು. ಅಡುಗೆಮನೆಗೆ ಹೋಗಿ ಸ್ಟವ್ ಆರಿಸಿದಳು.

“ಎಂತ ಹೇಳ್ಲಿಕ್ಕಿತ್ತು ಅಮ್ಮಾ?”

ಅಮ್ಮ ಕೈ ತೊಳೆದು ಹಾಲ್‌ಗೆ ಬಂದರು. “ಅಷ್ಟು ಎತ್ತರದಲ್ಲಿ ಇಟ್ರೆ ಅದನ್ನು ಉಲ್ಟಾ ಇಟ್ಟು, ಸೆಟ್ಟಿಂಗ್‌ನಲ್ಲಿ ಪಿಕ್ಚರ್ ತಿರುಗಿಸ್ಬೇಕು. ನೇರ ಇಟ್ರೆ ಪಿಕ್ಚರ್ ಸೀಲಿಂಗ್‌ಗೆ ಹೋಗ್ತದೆ. ನಮ್ಮ ಆಫೀಸಿನ ಮೀಟಿಂಗ್ ರೂಮಲ್ಲಿ ಹಾಗೇ ಮಾಡಿದ್ದಾರೆ. ಮತ್ತೆ, ಹಿಂದೆ ಗಾಳಿಗೆ ಜಾಗ ಬಿಡ್ಬೇಕು. ಲ್ಯಾಂಪ್ ಭಾರೀ ಬಿಸಿ ಆಗ್ತದೆ...”

ಅದು ಅನ್ವಿತಾಳಿಗೂ ಗೊತ್ತಿತ್ತು. ವಿಡಿಯೋದಲ್ಲಿ ನೋಡಿದ್ದಳು. ಮಾತು ನಾಲಗೆಯ ತುದಿಗೆ ಬಂದು ಕುಣಿಯಿತು.

ಅವಳು ಅದನ್ನು ನುಂಗಿಕೊಂಡು, ಅಮ್ಮ ಮುಗಿಸಲಿ ಎಂದು ಕಾದಳು.