ಟರ್ಬೋ ಆರುವ ಒಂದು ನಿಮಿಷ

೨೦೦೬ರ ಮೇ ತಿಂಗಳು. ವಾಸ್ಕೋದ ನನ್ನ ಗ್ಯಾರೇಜಿಗೆ ಖುರ್ಷಿದಾಬೇಗಂ ತೀರಿಹೋದ ಗಂಡನ ಹಳೆಯ ಟರ್ಬೋ ಡೀಸೆಲ್ ಕಾರನ್ನು ಅಳಿಯನ ಕೈಲಿ ತರಿಸಿದರು. ಹೊಗೆ ತಪಾಸಣೆಯಲ್ಲಿ ಅದು ಎರಡು ಸಲ ನಪಾಸಾಗಿತ್ತು.

“ಹೊಗಿ ಇರ್ಲಿ ಮಿಸ್ತ್ರಿ. ಬಾಯ್ನಾಕ್ಕ ಹೋದ್ರ ಸಾಕು, ಇಂಜಿನ್ ಬಂದ್ ಬೀಳ್ತೈತ್ರಿ,” ಎಂದರು ಜೊತೆಗೇ ಬಂದಿದ್ದ ಬೇಗಂ.

ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೋದಿಂದ ಹೊರಡುವ ರಬ್ಬರ್ ಪೈಪು ಸೀಳಿತ್ತು. ಎರಡು ಕಾಯಿಲೆಗೂ ಅದೇ ಕಾರಣ. ಸೀಳಿದ ಪೈಪಿಗೆ ಬಾಯ್ನಾ ಯಾವುದು, ಬಜಾರು ಯಾವುದು ಗೊತ್ತಿರುತ್ತದೆಯೇ ಎಂದು ಮನಸ್ಸಿನಲ್ಲೇ ನಕ್ಕು ಹೊಸದು ಹಾಕಿದೆ.

ಮಧ್ಯಾಹ್ನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ತಾಸು ಓಡಿಸಿದೆ. ಹೊಗೆ ಇರಲಿಲ್ಲ. ಬಾಯ್ನಾದಲ್ಲಿ, ಎರಡು ವರ್ಷದ ಹಿಂದೆ ಸರ್ಕಾರ ಕೆಡವಿದ ಅವರ ಮನೆ ಇದ್ದ ಜಾಗದಲ್ಲೂ ಇಂಜಿನ್ ಬಂದ್ ಬೀಳಲಿಲ್ಲ. ಗೆದ್ದ ಖುಷಿಯಲ್ಲಿ ಗಾಡಿ ನಿಲ್ಲಿಸಿ, ಕೀಲಿ ತಿರುವಿ ಹೊರಗೆಳೆದೆ.

ಇಂಜಿನ್ ನಿಲ್ಲಲಿಲ್ಲ.

“ಗಡಬಡಿ ಮಾಡಬ್ಯಾಡ್ರಿ,” ಖುರ್ಷಿದಾಬೇಗಂ ಮೆಲ್ಲಗೆ ಹೇಳಿದರು. “ಮನಿಗೆ ಬಂದ್ರ ಟರ್ಬೋ ಆರಬೇಕಂತ ಅವರು ಒಂದು ನಿಮಿಷ ಹಂಗ ಬಿಡ್ತಿದ್ರು. ಆ ಸಪ್ಪಳ ಕೇಳೇ ನಾ ಚಹಾಕ್ಕ ಇಡ್ತಿದ್ದೆ.”

ಕೀಲಿ ನನ್ನ ಅಂಗೈಯಲ್ಲಿತ್ತು. ಒಂದು ನಿಮಿಷಕ್ಕೆ ಸರಿಯಾಗಿ ಇಂಜಿನ್ ತಾನಾಗಿ ನಿಂತಿತು. ನಾನು ಕೆಳಗಿಳಿದೆ. ನನ್ನ ಬೆನ್ನ ಹಿಂದೆ ಅವರು ಖಾಲಿ ಸೀಟಿನತ್ತ ತಿರುಗಿ, “ಇವತ್ತ ಚಹಾ ಇಲ್ಲರೀ, ಒಲಿನೂ ಇಲ್ಲ,” ಎನ್ನುತ್ತಿದ್ದರು.

ಸುಡುತ್ತದೆಂದು ಕೈಗೆ ಬಟ್ಟೆ ಸುತ್ತಿಕೊಂಡು ಬಾನೆಟ್ ಎತ್ತಿದೆ. ಬಟ್ಟೆ ಬೇಕಾಗಲಿಲ್ಲ. ಟರ್ಬೋ ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು. ಮೇಲೆ ನೀರಿನ ಹನಿಗಳು ಕೂತಿದ್ದವು.